ಕಾಫಿ ಕಪ್ಪಿನ ಕೆಳಗಿನ ಅರಮನೆ

ಯಾರ ಮನೆಗೆ ಹೋದರೂ ನಾನು ಮೊದಲು ನೋಡೋದು ಕಾಫಿ ಕಪ್ಪಿನ ಕೆಳಗೆ ಏನಿದೆ ಅಂತ. ಕಪ್ ಎತ್ತಿ, ಕೋಸ್ಟರ್ ತಿರುಗಿಸಿ ಹಿಂದೆ ಮುಂದೆ ನೋಡಿ, ಆಮೇಲೇ ಒಂದು ಗುಟುಕು ಕುಡಿಯೋದು. ಎಲಿಕಾಟ್ ಸಿಟಿಯಲ್ಲಿ ನನ್ನನ್ನು ಬಲ್ಲವರು ಇದನ್ನ ಕಂಡು ನಗ್ತಾರೆ. ನಗಲಿ ಬಿಡಿ. ನನಗೆ ಮಾತ್ರ ಆ ಕೋಸ್ಟರ್ ಅನ್ನೋ ಪದಾರ್ಥ ಕಂಡರೆ ಮೈಯೆಲ್ಲ ಉರಿಯುತ್ತೆ. ಯಾಕೆ ಅಂತ ಕೇಳಿದವರಿಗೆ ಅರ್ಧ ಹೇಳಿ ನಿಲ್ಲಿಸಿಬಿಟ್ಟಿದ್ದೀನಿ. ಅರ್ಧಕ್ಕೇ ಪಿತ್ತ ನೆತ್ತಿಗೇರಿ ಮಾತು ಎಲ್ಲೆಲ್ಲಿಗೋ ಹೋಗಿಬಿಡುತ್ತೆ. ಇವತ್ತು ಪೂರ್ತಿ ಹೇಳ್ತೀನಿ.

ನಾನು ಹಳೇ ಮರದ ಸಾಮಾನು ರಿಪೇರಿ ಮಾಡೋಳು. ಗಂಡನ ಕೆಲಸದ ಬೆನ್ನು ಹತ್ತಿ ಮೈಸೂರಿಂದ ಬಂದೆ. ನನ್ನ ವೀಸಾದಲ್ಲಿ ಕೆಲಸ ಮಾಡೋ ಹಾಗಿರಲಿಲ್ಲ. ವರ್ಷಗಟ್ಟಲೆ ಮನೆಯಲ್ಲಿ ಕೂತು ಕುರ್ಚಿ ಮೇಜು ಒರೆಸಿ ಒರೆಸಿ, ಕೊನೆಗೆ ಆ ಕುರ್ಚಿ ಮೇಜುಗಳ ಮೇಲೇ ಪ್ರೀತಿ ಹುಟ್ಟಿತು. ಗ್ರೀನ್ ಕಾರ್ಡ್ ಬಂದ ಮೇಲೆ ಕೆಲಸ ಕಲಿತೆ. ಈಗ ತೈವಾನಿನಿಂದ ಬಂದ ಒಬ್ಬ ಗೆಳತಿಯ ಜೊತೆ ಒಂದು ಶೆಡ್ ಹಂಚಿಕೊಂಡು ಕೆಲಸ ಮಾಡ್ತೀನಿ. ನಮ್ಮ ಜನಕ್ಕೆ ಇದು ಇವತ್ತಿಗೂ ಜೀರ್ಣ ಆಗಿಲ್ಲ. "ಅಯ್ಯೋ, ಕಾರ್ಪೆಂಟರಾ? ಸಾಫ್ಟ್‌ವೇರ್ ಟೆಸ್ಟಿಂಗ್ ಕೋರ್ಸ್ ಮಾಡ್ಕೋಬಹುದಿತ್ತಲ್ಲ ನೀವು" ಅಂತಾರೆ. ಆದರೆ ಮನೆಯಲ್ಲಿ ಡೈನಿಂಗ್ ಟೇಬಲ್ ಕಾಲು ಅಲುಗಾಡಿದ ತಕ್ಷಣ ಇದೇ ಕಾರ್ಪೆಂಟರ್ ನೆನಪಾಗ್ತಾಳೆ.

ಕೋವಿಡ್ ಸ್ವಲ್ಪ ಸಡಿಲ ಆಗಿದ್ದ ಬೇಸಿಗೆ ಅದು. ರೆಸ್ಟನ್‌ನಿಂದ ಒಬ್ಬ ಹುಡುಗ ಫೋನ್ ಮಾಡಿದ. ಹುಡುಗ ಅಂದರೆ ನನಗಿಂತ ಐದಾರು ವರ್ಷ ಚಿಕ್ಕವನು, ದೊಡ್ಡ ಕಂಪನಿಯಲ್ಲಿ ದೊಡ್ಡ ಕೆಲಸ. "ಅಕ್ಕಾ, ಷಾರ್ಲೆಟ್‌ನಲ್ಲಿ ಯಾರೋ ತೀರಿಹೋದವರ ಮನೆ ಸಾಮಾನೆಲ್ಲ ಮಾರೋ ಎಸ್ಟೇಟ್ ಸೇಲ್‌ನಲ್ಲಿ ಒಂದು ಸ್ಕ್ರೀನ್ ತಗೊಂಡೆ. ತುಂಬಾ ಹಳೇದಂತೆ. ಕ್ಲೀನ್ ಮಾಡಿಕೊಡ್ತೀರಾ?" ಅಂದ. ತಗೊಂಡು ಬಾ ಅಂದೆ. ಟ್ರಕ್ ಮಾಡಿಕೊಂಡು ಬಂದ. ಜೊತೆಗೆ ಅವನ ಅಮ್ಮ ಇದ್ದರು. ಅವರನ್ನ ನಾನು ಆವತ್ತಿನಿಂದ ಆಂಟಿ ಅಂತಲೇ ಕರೆದದ್ದು. ಗಂಡ ಹೋದ ಮೇಲೆ ಮೈಸೂರಿನ ಮನೆ ಬಾಡಿಗೆಗೆ ಕೊಟ್ಟು ಮಗನ ಹತ್ತಿರ ಬಂದಿದ್ದರು. ಬಿಳಿ ಸ್ನೀಕರ್ಸ್ ಮೇಲೆ ನೂಲಿನ ಸೀರೆ, ಕೈಯಲ್ಲಿ ಚಕ್ಕುಲಿ ಡಬ್ಬ.

ಸ್ಕ್ರೀನ್ ಅಂದರೆ, ಆಸ್ಪತ್ರೆಯಲ್ಲಿ ಎರಡು ಮಂಚದ ನಡುವೆ ಮಡಚೋ ಪರದೆ ಇಡ್ತಾರಲ್ಲ, ಆ ಥರದ್ದೇ, ಆದರೆ ಮರದ್ದು, ಆಳೆತ್ತರಕ್ಕಿಂತ ಎತ್ತರ. ಒಂದಕ್ಕೊಂದು ಸೇರಿದ ಹಲಗೆಗಳು. ಕಂಬಳಿ ಬಿಚ್ಚಿ, ಶೆಡ್ಡಿನ ಉದ್ದಕ್ಕೂ ಬಿಡಿಸಿ ನಿಲ್ಲಿಸಿದೆವು. ಅಬ್ಬಬ್ಬಾ! ಕಪ್ಪು ಮೈ, ಅದರಲ್ಲಿ ಕೆತ್ತಿ ಬಣ್ಣ ತುಂಬಿದ ಒಂದು ಇಡೀ ಅರಮನೆ. ಅಂಗಳ, ಮೆಟ್ಟಿಲು, ಕೊಳ, ಕೊಕ್ಕರೆ, ತಟ್ಟೆ ಹಿಡಿದು ಬರುವ ಹೆಂಗಸರು, ವಾದ್ಯದವರು, ಕುದುರೆಯಿಂದ ಇಳಿಯುತ್ತಿರುವ ಗಂಡಸರು. ನಟ್ಟನಡುವೆ ಎತ್ತರದ ಪೀಠದಲ್ಲಿ ಒಬ್ಬ ಹಿರಿಯ ಹೆಂಗಸು. ಅವಳ ಉದ್ದನೆಯ ಅಂಗಿ ಮೆಟ್ಟಿಲ ಮೇಲೆ ಇಳಿದು ಬಿದ್ದಿದೆ. ಕೆಳಗೆ, ಹಲಗೆಯ ಬುಡದಲ್ಲಿ, ಒಂದು ಪುಟ್ಟ ಮಗು ಆ ಅಂಗಿಯ ಅಂಚನ್ನ ಹಿಡಿದು ಜಗ್ಗುತ್ತಿದೆ.

"ನೋಡೇ ಅದನ್ನ! ಸೆರಗು ಬಿಡ್ತಾನೇ ಇಲ್ಲ ಕಳ್ಳ!" ಅಂತ ಆಂಟಿ ಮಗುವಿನ ಕೆನ್ನೆ ಸವರೋಕೆ ಕೈ ಚಾಚಿದರು. "ಅಮ್ಮಾ, ಡೋಂಟ್ ಟಚ್, ಆಂಟಿಕ್ ಅದು" ಅಂತ ಮಗ ಗದರಿದ. ಈ ಮಾತು ನೆನಪಿಟ್ಟುಕೊಳ್ಳಿ.

ಹಿಂಬದಿಯಲ್ಲಿ ಚಿತ್ರ ಇರಲಿಲ್ಲ, ಮೇಲಿಂದ ಕೆಳಗೆ ಬರೀ ಅಕ್ಷರ. ನನ್ನ ಗೆಳತಿ ಕನ್ನಡಕ ಏರಿಸಿ ಓದಿದಳು. ಚೀನಾದ ಹಳೇ ಬರಹ, ಎಲ್ಲ ತಿಳಿಯಲಿಲ್ಲ ಅವಳಿಗೆ. ತಿಳಿದಷ್ಟು ಹೇಳಿದಳು: ಒಬ್ಬ ತಾಯಿಗೆ ಅರವತ್ತು ತುಂಬಿದಾಗ ಮಕ್ಕಳು, ಸೊಸೆಯರು, ಮೊಮ್ಮಕ್ಕಳೆಲ್ಲ ಸೇರಿ ಮಾಡಿಸಿಕೊಟ್ಟ ಉಡುಗೊರೆ. ತಾಯಿಯ ಗುಣಗಾನ, ದೀರ್ಘಾಯುಸ್ಸಿನ ಹಾರೈಕೆ, ಕೊನೆಯಲ್ಲಿ ಕೊಟ್ಟವರ ಹೆಸರು. ಅವರಲ್ಲೂ ನಮ್ಮ ಹಾಗೇ ಅರವತ್ತು ವರ್ಷಕ್ಕೆ ಸಂವತ್ಸರಗಳು ಒಂದು ಸುತ್ತು ತಿರುಗಿ ಮತ್ತೆ ಹುಟ್ಟಿದ ವರ್ಷವೇ ಬರುತ್ತಂತೆ.

"ಅಂದ್ರೆ ಷಷ್ಟ್ಯಬ್ದಿ ಅನ್ನು! ಹೆಂಗಸಿಗೆ ಷಷ್ಟ್ಯಬ್ದಿ!" ಅಂದರು ಆಂಟಿ. ಅಲ್ಲೇ ಇದ್ದ ಸ್ಟೂಲಿನ ಮೇಲೆ ಕೂತುಬಿಟ್ಟರು. "ನಮ್ಮಲ್ಲಿ ಗಂಡನಿಗೆ ಅರವತ್ತಾದರೆ ಪಕ್ಕದಲ್ಲಿ ಕೂರಿಸ್ತಾರೆ ಅಷ್ಟೆ. ನಮ್ಮನೆಯೋರು ಅರವತ್ತರ ತನಕ ಇರಲೇ ಇಲ್ಲ. ನನಗೆ ಆ ಪಕ್ಕದ ಮಣೆಯೂ ಸಿಗಲಿಲ್ಲ ನೋಡು." ಆಮೇಲೆ ಮಗನ ಕಡೆ ತಿರುಗಿ, "ಇದನ್ನ ನನ್ನ ರೂಮಲ್ಲಿ ಇಡೋ. ಬರೋ ವರ್ಷದ ಆಚೆ ವರ್ಷಕ್ಕೆ ನನಗೂ ಅರವತ್ತು. ಇದರ ಮುಂದೆ ಕೂತ್ಕೋತೀನಿ. ಇನ್ನೇನೂ ಬೇಡ ನನಗೆ" ಅಂದರು.

"ಶೂರ್ ಅಮ್ಮಾ" ಅಂದ ಅವನು. ನಾನು ನನ್ನ ಕಿವಿಯಾರೆ ಕೇಳಿದ್ದೀನಿ.

ಆ ಬೇಸಿಗೆಯೆಲ್ಲ ಕೆಲಸ ಮಾಡಿದೆ. ಒಂದೊಂದು ಅಂಗುಲಕ್ಕೂ ಹತ್ತಿ ಸುತ್ತಿದ ಕಡ್ಡಿ, ನಿಧಾನ, ಉಸಿರು ಬಿಗಿಹಿಡಿದು. ಈ ಕಪ್ಪು ಮೈ ಇದೆಯಲ್ಲ, ಅದು ಪೇಂಟ್ ಅಲ್ಲ, ನಮ್ಮ ಅರಗೂ ಅಲ್ಲ. ಒಂದು ಮರದ ಸೊನೆ. ಮಾವಿನಕಾಯಿ ಕೀಳೋವಾಗ ಮೈಗೆ ಬಿದ್ದರೆ ಬೊಬ್ಬೆ ಏಳುತ್ತಲ್ಲ, ಅದರ ದಾಯಾದಿ, ಅದಕ್ಕಿಂತ ಉಗ್ರ. ತೆಳ್ಳಗೆ ಬಳಿದು, ಒಣಗಿಸಿ, ಉಜ್ಜಿ, ಮತ್ತೆ ಬಳಿದು, ಮತ್ತೆ ಉಜ್ಜಿ, ತಿಂಗಳುಗಟ್ಟಲೆ ಮಾಡಿದರೆ ಈ ಮೈ ಬರುತ್ತೆ. ಮಾಡೋವಾಗ ಎಷ್ಟು ಜನ ಮೈ ಕೈ ಊದಿಸಿಕೊಂಡು ಒದ್ದಾಡಿದರೋ ಪಾಪ.

ಆಂಟಿ ವಾರಕ್ಕೊಮ್ಮೆ ಸೊಸೆಯ ಕಾರಲ್ಲಿ ಬರೋರು. ಸೊಸೆ ಬಿಟ್ಟು ಹೋದ ಮೇಲೆ ಸ್ಟೂಲ್ ಎಳೆದುಕೊಂಡು ಕೂತು, ಚಿತ್ರದೊಳಗಿನ ಜನಕ್ಕೆಲ್ಲ ಸಂಬಂಧ ಕಟ್ಟೋರು. ತಟ್ಟೆ ಹಿಡಿದವಳು ಹಿರೀ ಸೊಸೆಯಂತೆ, ಸ್ವಲ್ಪ ಜಂಬ ಅಂತೆ. ಕುದುರೆಯಿಂದ ಇಳಿಯೋನು ಅಳಿಯನಂತೆ, ಯಾವಾಗಲೂ ಊಟದ ಹೊತ್ತಿಗೇ ಬರ್ತಾನಂತೆ. ಸೆರಗು ಹಿಡಿದ ಮಗುವಿಗೆ ಮಾತ್ರ ದಿನಕ್ಕೊಂದು ಮುದ್ದು. ನನ್ನ ಗೆಳತಿಗೆ ಕನ್ನಡ ಬರಲ್ಲ, ಆದರೂ ನಗೋಳು.

ಹಾಗೆ ಕೂತಾಗಲೇ ಒಂದು ದಿನ ಅವರು ಕೇಳಿದರು, "ಇದು ಷಾರ್ಲೆಟ್ ತನಕ ಹೆಂಗೆ ಬಂತೇ?" ಈ ಒಂದು ಸ್ಕ್ರೀನಿನ ದಾರಿ ನನಗೆ ಗೊತ್ತಿರಲಿಲ್ಲ, ಆದರೆ ಇದರ ಜಾತಿಯ ಮಾಲು ಯೂರೋಪಿಗೆ ಹೋದ ದಾರಿ ಗೊತ್ತಿತ್ತು. ಹೇಳಿದೆ. ಚೀನಾದಲ್ಲಿ ಮಾಡಿದ್ದನ್ನ ಕಂಪನಿಗಳ ಹಡಗಿಗೆ ತುಂಬೋರು. ಹಡಗು ನಮ್ಮ ಮದ್ರಾಸಿನ ಕಡೆಯ ಕರಾವಳಿಗೆ ಬರೋದು. ಅಲ್ಲಿ ಇಳಿಸಿ, ಮೆಣಸು ಬಟ್ಟೆ ಹೇರಿದ ಇನ್ನೊಂದು ಹಡಗಿಗೆ ಏರಿಸಿ ಯೂರೋಪಿಗೆ ಕಳಿಸೋರು. ಅಲ್ಲಿಯವರು ಇದಕ್ಕೆ ಇಟ್ಟ ಹೆಸರು ಏನು ಗೊತ್ತಾ? ಕೋರಮಂಡಲ! ಮಾಡಿದವರ ಊರಲ್ಲ, ಹಡಗು ಬದಲಾಯಿಸಿದ ಊರು. ಅರಸೀಕೆರೆಯಲ್ಲಿ ರೈಲು ಬದಲಾಯಿಸಿದವನನ್ನ ಜೀವಮಾನ ಪೂರ್ತಿ ಅರಸೀಕೆರೆಯವನು ಅಂತ ಕರೆದ ಹಾಗೆ.

ಹೆಸರು ಹಾಳಾಗಲಿ. ಆಮೇಲೆ ಮಾಡಿದ್ದು ಕೇಳಿ. ಅವರ ಅರಮನೆಗಳಲ್ಲಿ ಬೀರು, ಕನ್ನಡಿ ಚೌಕಟ್ಟು, ಟೇಬಲ್ಲು ಎಲ್ಲಕ್ಕೂ ಈ ಕಪ್ಪು ಮೈ ಬೇಕು ಅನ್ನೋ ಹುಚ್ಚು ಹಿಡಿಯಿತು. ಇಡೀ ಸ್ಕ್ರೀನ್ ತರಿಸಿ ಗರಗಸ ಹಾಕಿದರು! ಹಲಗೆಯ ದಪ್ಪವನ್ನೇ ಸೀಳಿ, ಹಿಂದಿನ ಮೈ ಮುಂದಿನ ಮೈ ಬೇರೆ ಮಾಡಿ, ತುಂಡು ತುಂಡಾಗಿ ಕತ್ತರಿಸಿ, ತಮ್ಮ ಅಳತೆಗೆ ಬೇಕಾದ ಹಾಗೆ ಅಂಟಿಸಿದರು. ವಾಷಿಂಗ್ಟನ್‌ನ ಒಂದು ಮ್ಯೂಸಿಯಂನಲ್ಲಿ ಅಂಥ ಒಂದು ಬೀರು ನೋಡಿದ್ದೆ. ಬಾಗಿಲಲ್ಲಿ ಒಬ್ಬ ಮನುಷ್ಯನ ತಲೆ, ಡ್ರಾಯರ್‌ನಲ್ಲಿ ಇನ್ಯಾರದೋ ಕಾಲು, ಒಂದು ಕಡೆ ಮರ ತಲೆಕೆಳಗು. ಅದರ ಮುಂದೆ ನಿಂತು ಜನ "ಬ್ಯೂಟಿಫುಲ್" ಅಂತಿದ್ದರು. ಮಾಲು ಸಾಲದೆ ಹೋದಾಗ ನಕಲು ಮಾಡಿದರು, ಅದಕ್ಕೆ ಬಳಸಿದ್ದು ನಮ್ಮ ದೇಶದಿಂದ ಹೋದ ಅರಗು. ಹೊಗಳಿಕೆ ಮಾತ್ರ ಅಲ್ಲಿಯ ಬಡಗಿಗಳಿಗೆ.

"ಥೂ! ಕೈಯಾದರೂ ಹೇಗೆ ಬಂತು ಅವರಿಗೆ?" ಅಂದರು ಆಂಟಿ. ನಾನೂ ಹಾಗೇ ಅಂದುಕೊಂಡಿದ್ದೆ. ಅವರೇ ಬೇರೆ, ಆ ಕಾಲವೇ ಬೇರೆ ಅಂತ.

ಸ್ಕ್ರೀನ್ ಮುಗಿದು ರೆಸ್ಟನ್‌ಗೆ ಹೋಯ್ತು. ಕೆಲವು ತಿಂಗಳಾದ ಮೇಲೆ ಮಗನ ಫೋನ್ ಬಂತು. ಹೊಸ ಮನೆ ಕಟ್ಟಿಸ್ತಿದ್ದಾರೆ, ದೇವರ ಮನೆ ಗ್ರ್ಯಾಂಡಾಗಿ ಬರ್ತಿದೆ, ಅದರ ಬಾಗಿಲಿಗೆ ಸ್ಕ್ರೀನಿನ ಹಲಗೆ ಹಾಕಿಸೋಣ ಅಂತ ಡಿಸೈನರ್ ಹೇಳಿದಾಳೆ. ಆದರೆ ಉದ್ದ ಜಾಸ್ತಿ. "ವಾಸ್ತು ಅವರನ್ನ ಝೂಮ್‌ನಲ್ಲಿ ಕೇಳಿದ್ವಿ ಅಕ್ಕಾ. ದೇವರ ಮನೆ ಬಾಗಿಲಿನ ಅಳತೆ ಲೆಕ್ಕ ಹಾಕಿದರೆ ಧ್ವಜಾಯವೇ ಬರಬೇಕಂತೆ, ಅದೇ ಶುಭವಂತೆ. ಕೆಳಗಡೆ ಸ್ವಲ್ಪ ಟ್ರಿಮ್ ಮಾಡಿದ್ರೆ ಕರೆಕ್ಟಾಗಿ ಆಯ ಕೂಡುತ್ತೆ. ನೀವೇ ಮಾಡಿಕೊಟ್ಟುಬಿಡಿ."

ಟ್ರಿಮ್! ಹುಲ್ಲು ಕತ್ತರಿಸೋ ಹಾಗೆ!

"ಏನಪ್ಪಾ ಮಾತಾಡ್ತಿದೀಯ ನೀನು? ಕೆಳಗಡೆ ಏನಿದೆ ನೋಡಿದೀಯಾ? ಆ ಮಗು ಇದೆ. ಜನಗಳ ಕಾಲಿದೆ. ಹಿಂದುಗಡೆ ಕೊಟ್ಟವರ ಹೆಸರಿದೆ. ನಿನ್ನ ಬಾಗಿಲಿಗೆ ಆಯ ಕೂಡಬೇಕಾದರೆ ಚೌಕಟ್ಟು ದೊಡ್ಡದು ಮಾಡಿಸು, ಇಲ್ಲ ಹೊಸಾ ಬಾಗಿಲು ಮಾಡಿಸು. ಇದಕ್ಕೆ ಗರಗಸ ಮುಟ್ಟಿಸಬೇಡ" ಅಂದೆ.

"ಹಿಂದುಗಡೆ ಯಾರಿಗೂ ಕಾಣಲ್ಲ ಅಕ್ಕಾ. ಮತ್ತೆ ನಾವೇನು ಬಾರ್ ಕೌಂಟರ್ ಮಾಡ್ತಿದೀವಾ? ದೇವರಿಗೆ ತಾನೇ?"

"ಅಮ್ಮನಿಗೆ ಏನು ಹೇಳಿದ್ದೆ ನೀನು?"

"ಅಮ್ಮನಿಗೆ ಓಕೆ. ದೇವರ ಮನೆ ಅಂದಮೇಲೆ ಅಮ್ಮನಿಗಿಂತ ಖುಷಿ ಯಾರಿಗಿರುತ್ತೆ?"

ಅಮ್ಮನಿಗೆ ಕೊಡು ಫೋನ್ ಅಂದೆ. ಕೊಟ್ಟ. "ಅವನ ಮನೆ ಕಣಮ್ಮ. ಅವನ ದುಡಿಮೆ. ದೇವರ ವಿಷಯಕ್ಕೆ ಬೇಡ ಅನ್ನೋಕೆ ಬಾಯಿ ಬರಲ್ಲ ನನಗೆ" ಅಂದರು ಆಂಟಿ. ಸ್ವರ ಎಷ್ಟು ಸಣ್ಣದಾಗಿತ್ತು ಅಂದರೆ ನನಗೆ ಇನ್ನೂ ರೇಗಿತು. ಮಗನ ಕೈಗೆ ಫೋನ್ ಬಂದಾಗ ಬಾಯಿಗೆ ಬಂದ ಹಾಗೆ ಬೈದೆ. ಕತ್ತರಿಸಿದವರ ಕೈಗೆಲ್ಲ ಬೊಬ್ಬೆ ಏಳಲಿ ಅಂತ ಶಾಪವೂ ಹಾಕಿದೆ. ಅಷ್ಟು ಹಳೇ ಸೊನೆ ಒಣಗಿ ಕಲ್ಲಾಗಿರುತ್ತೆ, ಯಾರಿಗೂ ಏನೂ ಆಗಲ್ಲ ಅನ್ನೋದು ನನಗೇ ಚೆನ್ನಾಗಿ ಗೊತ್ತಿತ್ತು.

ಅವನು ನನ್ನನ್ನ ಬಿಟ್ಟು ಕೆರೊಲಿನಾದ ಒಂದು ಮರಗೆಲಸದ ಶಾಪಿಗೆ ಸ್ಕ್ರೀನನ್ನ ಸಾಗಿಸಿದ.

ಗೃಹಪ್ರವೇಶಕ್ಕೆ ಕರೆದರು. ಹೋಗಲ್ಲ ಅಂತ ಕೂತಿದ್ದೆ. "ಆಂಟಿ ಮುಖ ನೋಡಿ ಬಾ" ಅಂತ ಗಂಡ ಹೊರಡಿಸಿದ. ಹೋದೆ. ದೇವರ ಮನೆಯ ಮುಂದೆ ಫೋಟೋ ತೆಗೆಸಿಕೊಳ್ಳೋರ ಕ್ಯೂ. ಬಾಗಿಲಾಗಿ ನಿಂತಿದ್ದವು ನನ್ನ ಹಲಗೆಗಳಲ್ಲಿ ನಾಲ್ಕು. ಪೀಠದ ಮೇಲಿನ ಹೆಂಗಸು ಮಂಡಿಯ ತನಕ ಇದ್ದಾಳೆ, ಮಂಡಿಯ ಕೆಳಗೆ ಹಿತ್ತಾಳೆ ಪಟ್ಟಿ. ಅವಳ ಮುಖದ ಪಕ್ಕಕ್ಕೇ ಸ್ಕ್ರೂ ಹೊಡೆದು ಹಿಡಿಕೆ. ಉಳಿದ ಹಲಗೆಗಳ ಮುಂದಿನ ಮೈ ಸೀಳಿ ಒಳಗೋಡೆಗೆ ಅಂಟಿಸಿದ್ದಾರೆ, ಕೊಳ ಒಂದು ಕಡೆ, ಅದರ ಕೊಕ್ಕರೆ ಇನ್ನೊಂದು ಕಡೆ. ಮ್ಯೂಸಿಯಂನಲ್ಲಿ ನೋಡಿದ ಬೀರುವೇ ಬಂದು ರೆಸ್ಟನ್‌ನಲ್ಲಿ ಕೂತಿತ್ತು. "ವಾವ್, ಎಷ್ಟು ಯೂನೀಕ್ ಅಲ್ವಾ?" ಅಂದಳು ನನ್ನ ಪಕ್ಕದವಳು. ನಾನು ಅವಳ ಮುಖ ನೋಡಿದ ರೀತಿಗೆ ಅವಳು ಕ್ಯೂ ಬಿಟ್ಟು ಊಟಕ್ಕೆ ಹೋದಳು.

ಆಂಟಿ ರೇಷ್ಮೆ ಸೀರೆ ಉಟ್ಟು ಸೋಫಾದ ಮೂಲೆಯಲ್ಲಿದ್ದರು. ನನ್ನ ಕೈ ಹಿಡಿದು "ಊಟ ಮಾಡಿದ್ಯಾ?" ಅಂತಷ್ಟೇ ಕೇಳಿದರು. ದೇವರ ಮನೆಗೆ ಬೆನ್ನು ಮಾಡಿ ಕೂತಿದ್ದರು.

ಹೊರಡೋವಾಗ ಸೊಸೆ ಕುಂಕುಮ ಕೊಟ್ಟು ಒಂದು ಚೀಲ ಕೈಗಿಟ್ಟಳು. ವೀಳ್ಯದೆಲೆ, ತೆಂಗಿನಕಾಯಿ, ಬ್ಲೌಸ್ ಪೀಸು, ರಿಟರ್ನ್ ಗಿಫ್ಟು. ಕಾರಲ್ಲಿ ಕೂತು ತೆಗೆದೆ. ರಿಬ್ಬನ್ ಕಟ್ಟಿದ ಒಂದು ಚೌಕ ಕೋಸ್ಟರ್, ಗಾಜಿನಂಥ ಲೇಪ, ಅಂಚಿಗೆ ಚಿನ್ನದ ಬಣ್ಣ. ಲೇಪದೊಳಗೆ ಕಪ್ಪು ಮೈ ಮೇಲೆ ಒಂದು ಪುಟ್ಟ ಮಗು, ಮುಷ್ಟಿಯಲ್ಲಿ ಬಟ್ಟೆಯ ಅಂಚು. ಬಟ್ಟೆ ಉಟ್ಟವಳು ಇಲ್ಲ. ತಿರುಗಿಸಿದರೆ ಹಿಂದೆ ಲೇಸರ್‌ನಲ್ಲಿ ಈ ಮನೆಯವರ ಹೆಸರು, ಗೃಹಪ್ರವೇಶದ ತಾರೀಖು, ‘ಥ್ಯಾಂಕ್ ಯೂ’. ಅಂದರೆ ಬುಡದ ಪಟ್ಟಿ, ಹಿಂಬದಿಯ ಬರಹ ಎಲ್ಲವನ್ನೂ ಬಿಸ್ಕತ್ತಿನ ಹಾಗೆ ಕತ್ತರಿಸಿ, ಬಂದವರಿಗೆಲ್ಲ ಒಂದೊಂದು ಹಂಚಿದ್ದಾರೆ! ಕಾರಲ್ಲೇ ಜೋರಾಗಿ ಅತ್ತುಬಿಟ್ಟೆ. ಗಂಡ ಗಾಬರಿಯಾಗಿ ಪಕ್ಕಕ್ಕೆ ನಿಲ್ಲಿಸಿದ. ದುಃಖ ಅಲ್ಲ ಅದು, ಬರೀ ಕೋಪ.

ಮಾರನೇ ದಿನದಿಂದ ನಾನು ಭಿಕ್ಷೆಗೆ ಹೊರಟೆ. "ನಿಮಗೆ ಬಂದ ಕೋಸ್ಟರ್ ಕೊಟ್ಟುಬಿಡಿ, ಬದಲಿಗೆ ನಿಮ್ಮ ಟೇಬಲ್ ಪಾಲಿಶ್ ಮಾಡಿಕೊಡ್ತೀನಿ" ಅಂತ ಮನೆ ಮನೆಗೆ ಹೋದೆ. ಕೆಲವರು ಪಾಪ ತಕ್ಷಣ ಕೊಟ್ಟರು. ಒಬ್ಬರ ಮನೆಯಲ್ಲಿ ಅದು ರೈಸ್ ಕುಕ್ಕರ್ ಕೆಳಗಿತ್ತು. ಒಬ್ಬಳು, "ಅಯ್ಯೋ, ಅದಾ? ಮೊನ್ನೆ ಒಬ್ಬರಿಗೆ ತಾಂಬೂಲದಲ್ಲಿ ಕೊಟ್ಟುಬಿಟ್ಟೆನಲ್ಲ" ಅಂದಳು. ನಮ್ಮ ಹೆಂಗಸರ ಕೈಗೆ ಬಂದ ಬ್ಲೌಸ್ ಪೀಸು ಯಾರ ಮೈಗೂ ಏರದೆ ಊರೆಲ್ಲ ಸುತ್ತುತ್ತಲ್ಲ, ಕೋಸ್ಟರಿಗೂ ಅದೇ ಗತಿಯಾಯ್ತು. ಇವಳು ಅವಳಿಗೆ, ಅವಳು ಅತ್ತಿಗೆಗೆ, ಅತ್ತಿಗೆ ಅಟ್ಲಾಂಟಾದ ಗೆಳತಿಗೆ. ಷಾರ್ಲೆಟ್‌ನಲ್ಲಿ ನನ್ನ ಚಿಕ್ಕಮ್ಮನ ಮಗಳ ಮನೆ ವರಮಹಾಲಕ್ಷ್ಮಿ ಪೂಜೆಗೆ ಹೋದರೆ, ಗುರುತೇ ಇಲ್ಲದ ಒಬ್ಬರು ನನ್ನ ತಾಂಬೂಲದ ಚೀಲದಲ್ಲಿ ಎರಡು ಅಕ್ಷರದ ತುಂಡೊಂದನ್ನ ಇಟ್ಟು ಕೊಟ್ಟರು. ಎಲ್ಲಿಂದ ಹೊರಟಿತ್ತೋ ಅಲ್ಲಿಗೇ ಬಂದು ಮುಟ್ಟಿತ್ತು ಅದು. ಇದು ಯಾರದು ಅಂತ ಕೇಳಿದರೆ ಹಿಂದೆ ಓದಿ ರೆಸ್ಟನ್‌ನವರ ಹೆಸರು ಹೇಳಿದರು. ಮತ್ತೆ ಕೋರಮಂಡಲ!

ಆಂಟಿಗೆ ಅರವತ್ತು ತುಂಬಿತು. ರಾತ್ರಿ ಹೋಟೆಲ್‌ಗೆ ಕರಕೊಂಡು ಹೋಗಿ ಕೇಕ್ ಕತ್ತರಿಸೋದು ಅಂತ ಮನೆಯವರು ತೀರ್ಮಾನ ಮಾಡಿದ್ದರು. ನಾನು ಬೆಳಿಗ್ಗೆಯೇ ಹೋದೆ. ಮನೆಯಲ್ಲಿ ಅವರೊಬ್ಬರೇ ಕೆಳಗಿದ್ದರು, ಮಗ ಮೇಲೆ ಮೀಟಿಂಗ್‌ನಲ್ಲಿದ್ದ. ಅವರ ರೂಮಿನ ನೆಲದ ಮೇಲೆ ಒಂದು ಮಡಿ ಪಂಚೆ ಹಾಸಿ, ನನ್ನ ಚೀಲ ಬಿಚ್ಚಿದೆ.

ಆಂಟಿ ಸೀರೆ ಸರಿಮಾಡಿಕೊಂಡು ನೆಲದ ಮೇಲೆ ಕೂತರು. ಇಬ್ಬರೂ ಒಂದೊಂದೇ ತುಂಡು ಇಡುತ್ತಾ ಬಂದೆವು. ಕೆಲಸಕ್ಕೆ ಮುಂಚೆ ನಾನು ತೆಗೆದಿದ್ದ ಫೋಟೋ ಇತ್ತು, ಅದು ನೋಡಿಕೊಂಡು ಅಕ್ಷರಗಳನ್ನ ಸಾಲು ಮಾಡಿದೆವು. ನಡುನಡುವೆ ಖಾಲಿ, ಬಹಳ ಖಾಲಿ. ಕಾಲುಗಳನ್ನೆಲ್ಲ ಕೆಳಗೆ ಒಂದು ಸಾಲಲ್ಲಿಟ್ಟರು. "ಇದು ಅಳಿಯನ ಬೂಟು. ಇದು ಹಿರೀ ಸೊಸೆ, ನಡಿಗೇಲೇ ಜಂಬ ನೋಡು" ಅಂದರು. ಕೊನೆಗೆ ಉಳಿದದ್ದು ಮಗು. ಅದು ಹಿಡಿದ ಸೆರಗಿನವಳು ಆಚೆ ದೇವರ ಮನೆ ಬಾಗಿಲಲ್ಲಿ ಹಿಡಿಕೆ ಹೊಡೆಸಿಕೊಂಡು ನಿಂತಿದ್ದಾಳೆ, ಎಲ್ಲಿ ಇಡೋದು ಇದನ್ನ? ಆಂಟಿ ತುಂಡು ತಗೊಂಡು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ತಮ್ಮ ಮಂಡಿಯ ಪಕ್ಕ, ನೆಲಕ್ಕೆ ಬಿದ್ದಿದ್ದ ಸೀರೆಯ ಅಂಚಿಗೆ ತಾಗಿಸಿ ಇಟ್ಟುಕೊಂಡರು.

ಅಷ್ಟರಲ್ಲಿ ಮಗ ಕಾಫಿ ಮಗ್ ಹಿಡಿದುಕೊಂಡು ಬಾಗಿಲಿಗೆ ಬಂದ. ನೆಲ ನೋಡಿದ, ಮುಖ ಅರಳಿತು.

"ಓ ನೈಸ್! ಇಷ್ಟೊಂದು ಎಲ್ಲಿ ಸಿಕ್ತು ಅಕ್ಕಾ? ನಮ್ಮ ಹತ್ತಿರ ಒಂದೂ ಉಳಿದಿರಲಿಲ್ಲ. ಸಂಡೇ ಆಫೀಸ್‌ನವರು ಬರ್ತಿದಾರೆ, ಕರೆಕ್ಟಾಗಿ ಆಗುತ್ತೆ" ಅಂದು, ಬಗ್ಗಿ ಮಗುವಿನ ತುಂಡಿಗೆ ಕೈ ಹಾಕಿದ.

ನನ್ನ ಬಾಯಲ್ಲಿ ಇಷ್ಟು ದಿನದ ಬೈಗುಳವೆಲ್ಲ ಒಟ್ಟಿಗೇ ಬಂದು ನಿಂತಿತ್ತು. ಬೇಕಾಗಲಿಲ್ಲ.

"ಮುಟ್ಟಬೇಡ" ಅಂದರು ಆಂಟಿ.

ಗಟ್ಟಿಯಾಗಿ ಹೇಳಲಿಲ್ಲ. ಆದರೆ ಅವನು ಕೈ ಹಿಂದಕ್ಕೆ ತಗೊಂಡ. ಮಗ್ ಎಲ್ಲಿಡೋದು ಗೊತ್ತಾಗದೆ ಹಾಗೇ ಹಿಡಿದು ನಿಂತ. ಆಂಟಿ ಅವನ ಕಡೆ ನೋಡಲೂ ಇಲ್ಲ. ಬೆನ್ನು ನೆಟ್ಟಗೆ ಮಾಡಿ, ಆ ಹರಿದ ಹಾರೈಕೆಯ ಮುಂದೆ ಚಕ್ಕಳಮಕ್ಕಳ ಹಾಕಿ ಸರಿಯಾಗಿ ಕೂತು, ನನಗೆ ಹೇಳಿದರು:

"ಆರತಿ ತಟ್ಟೆ ತಗೊಂಡು ಬಾರೆ. ದೇವರ ಮನೆಯಲ್ಲಿದೆ."